ಯಂತ್ರ ತಪ್ಪುವುದಿಲ್ಲ ಎಂದವರು ಯಾರು?

ತಿಂಗಳ ಕೊನೆಗೆ ಮನೆಖರ್ಚಿನ ಪುಸ್ತಕ ತೆಗೆದು ಕೂಡಿಸಿ ಕಳೆದು ನೋಡುತ್ತೀರಿ. ಐವತ್ತು ರೂಪಾಯಿ ಕಡಿಮೆ ಬರುತ್ತದೆ. ಆಗೇನು ಮಾಡುತ್ತೀರಿ? ಹಾಲಿನವನಿಗೆ ಕೊಟ್ಟದ್ದು ಬರೆದಿದ್ದೇನೆಯೇ, ಸೊಪ್ಪಿನವಳ ಚಿಲ್ಲರೆ ಮರೆತೆನೇ ಎಂದು ಯೋಚಿಸುತ್ತೀರಿ. ಸಿಕ್ಕಿತೋ, ಸರಿ. ಸಿಗಲಿಲ್ಲವೋ, "ಹೋಗಲಿ ಬಿಡು" ಎಂದು ಗೆರೆ ಎಳೆದು ಮಲಗುತ್ತೀರಿ. ಅದಕ್ಕಾಗಿ ಯಾರೂ ನಿಮ್ಮನ್ನು ಕಳ್ಳಿ ಅನ್ನುವುದಿಲ್ಲ.

ಈಗ ಆ ಲೆಕ್ಕ ಬರೆಯುವವರು ನೀವಲ್ಲ, ಒಂದು ಕಂಪ್ಯೂಟರ್ ಎಂದುಕೊಳ್ಳಿ. ಅದು ಐವತ್ತಲ್ಲ, ಐದು ಲಕ್ಷ ಕಡಿಮೆ ಇದೆ ಅನ್ನುತ್ತದೆ. ನೀವು ಒಂದು ಕಾಸೂ ಮುಟ್ಟಿಲ್ಲ. ಆದರೆ ದೊಡ್ಡ ಕಚೇರಿಯವರು ಬಂದು, "ನಮ್ಮ ಯಂತ್ರ ತಪ್ಪುವುದಿಲ್ಲ, ದುಡ್ಡು ಎಲ್ಲಿಟ್ಟಿದ್ದೀರಿ ಹೇಳಿ" ಅನ್ನುತ್ತಾರೆ. ನಿಮ್ಮ ಮಾತಿಗೂ ಯಂತ್ರದ ಮಾತಿಗೂ ತಾಳೆ ಬೀಳದಿದ್ದರೆ ಗೆಲ್ಲುವವರು ಯಾರು?

ಇದು ಕಟ್ಟುಕಥೆಯಲ್ಲ. ಬ್ರಿಟನ್ನಿನಲ್ಲಿ ನೂರಾರು ಮಂದಿ ಮರ್ಯಾದಸ್ಥರ ಪಾಲಿಗೆ ನಿಜವಾಗಿ ಬಂದ ಗತಿ. ಅವರಲ್ಲಿ ನಮ್ಮ ನಿಮ್ಮಂಥ ಗೃಹಿಣಿಯರಿದ್ದರು, ಭಾರತದಿಂದ ಹೋಗಿ ನೆಲೆಸಿದ ಹೆಣ್ಣುಮಗಳೊಬ್ಬಳೂ ಇದ್ದಳು. ಸತ್ಯ ಹೊರಬರಲು ಸಹಾಯ ಮಾಡಿದವರಲ್ಲಿ ಒಬ್ಬ, ಆ ಯಂತ್ರದ ಹಿಂದೆಯೇ ಕುಳಿತು ಕೆಲಸ ಮಾಡಿದ್ದ ಕಂಪ್ಯೂಟರ್ ಎಂಜಿನಿಯರ್. ಅವನ ಮಾತು ನಾವೂ ಕೇಳಿಸಿಕೊಳ್ಳಬೇಕಾದದ್ದು.

ಅಂಗಡಿಯೊಳಗಿನ ಅಂಚೆ ಕಚೇರಿ

ಬ್ರಿಟನ್ನಿನ ಹಳ್ಳಿಗಳಲ್ಲಿ ಅಂಚೆ ಕಚೇರಿ ಅಂದರೆ ಬಹಳ ಕಡೆ ಒಂದು ಕಿರಾಣಿ ಅಂಗಡಿಯ ಮೂಲೆ. ಬ್ರೆಡ್ಡು, ಹಾಲು, ವೃತ್ತಪತ್ರಿಕೆ ಮಾರುವವರೇ ಸ್ಟಾಂಪು ಮಾರುತ್ತಾರೆ, ಮುದುಕರಿಗೆ ಪಿಂಚಣಿ ಎಣಿಸಿ ಕೊಡುತ್ತಾರೆ. ಇವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎಂದು ಹೆಸರು. ಇವರು ಸಂಬಳದ ನೌಕರರಲ್ಲ. ಸ್ವಂತ ದುಡ್ಡು ಹಾಕಿ ಅಂಗಡಿ ಕೊಂಡು, ಸರ್ಕಾರದ ಒಡೆತನದ ಪೋಸ್ಟ್ ಆಫೀಸ್ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡವರು. ಲೆಕ್ಕದಲ್ಲಿ ಖೋತಾ ಬಂದರೆ ಕೈಯಿಂದ ತುಂಬಿಕೊಡಬೇಕು ಎಂದು ಸಂಸ್ಥೆ ಆ ಕರಾರನ್ನು ತೋರಿಸಿ ಹೇಳುತ್ತಿತ್ತು.

ಮೊದಲು ಇವರೆಲ್ಲ ಕಾಗದದ ಮೇಲೆಯೇ ಲೆಕ್ಕ ಬರೆಯುತ್ತಿದ್ದರು. 1999ರಿಂದ 2000ದ ಹೊತ್ತಿಗೆ ದೇಶದ ಅಂಚೆ ಕಚೇರಿಗಳಿಗೆಲ್ಲ ಕಂಪ್ಯೂಟರ್ ಬಂತು. ಆ ವ್ಯವಸ್ಥೆಗೆ 'ಹೊರೈಜನ್' ಎಂದು ಹೆಸರಿಟ್ಟರು. ಹೊರೈಜನ್ ಎಂದರೆ ದಿಗಂತ. ಹೆಸರೇನೋ ಚೆನ್ನಾಗಿತ್ತು. ಅದನ್ನು ಮಾಡಿಕೊಟ್ಟದ್ದು ಐಸಿಎಲ್ ಎಂಬ ಕಂಪೆನಿ; ಅದು ಜಪಾನಿನ ಫುಜಿತ್ಸುವಿಗೆ ಸೇರಿದ್ದು, 2002ರಲ್ಲಿ ಹೆಸರನ್ನೂ ಫುಜಿತ್ಸು ಎಂದೇ ಬದಲಿಸಿಕೊಂಡಿತು.

ಯಂತ್ರ ಬಂದದ್ದೇ ತಡ, ಅಲ್ಲಲ್ಲಿ ಲೆಕ್ಕ ಹೊಂದದಾಯಿತು. ಪೆಟ್ಟಿಗೆಯಲ್ಲಿ ಇದ್ದ ನಗದು ಒಂದು, ಪರದೆಯ ಮೇಲೆ ಕಾಣುವ ಮೊತ್ತ ಇನ್ನೊಂದು. ಲೆಕ್ಕ ಸರಿಯಿದೆ ಎಂದು ಒಪ್ಪಿಕೊಳ್ಳದೆ ಮುಂದಿನ ಅವಧಿಯ ವ್ಯವಹಾರ ಶುರುಮಾಡುವಂತಿಲ್ಲ. ಬಾಗಿಲು ಮುಚ್ಚಿದರೆ ಹೊಟ್ಟೆಗೇನು? ಕೆಲವರು ಉಳಿತಾಯದ ದುಡ್ಡು ಸುರಿದರು. ಕೆಲವರು ಮನೆ ಅಡವಿಟ್ಟರು. ಇನ್ನು ಕೆಲವರು ಬೇರೆ ದಾರಿ ಕಾಣದೆ, 'ಲೆಕ್ಕ ಸರಿಯಿದೆ' ಎಂದು ಒಪ್ಪಿ ಮುಂದೆ ಸಾಗಿದರು. ಅದೇ ಮುಂದೆ 'ಸುಳ್ಳು ಲೆಕ್ಕ ಬರೆದ ಅಪರಾಧ'ವಾಗಿ ಅವರ ಕೊರಳಿಗೆ ಬಿತ್ತು.

ಎರಡು ಸಾವಿರ ನಾಲ್ಕು ಸಾವಿರವಾದಾಗ

ಹ್ಯಾಂಪ್‌ಷೈರ್ ಪ್ರಾಂತದ ಸೌತ್ ವಾರ್ನ್‌ಬರೋ ಎಂಬ ಪುಟ್ಟ ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಎಂಬಾಕೆ ಅಂಗಡಿ ಇಟ್ಟುಕೊಂಡಿದ್ದರು. ಊರಿಗೆಲ್ಲ ಬೇಕಾದ ಹೆಂಗಸು. ಒಂದು ದಿನ ಲೆಕ್ಕ ನೋಡಿದರೆ 2,000 ಪೌಂಡ್ ಕಡಿಮೆ. ಆಗ ಒಂದು ಪೌಂಡಿಗೆ ಸುಮಾರು 80 ರೂಪಾಯಿ. ನೀವೇ ಗುಣಿಸಿ ನೋಡಿ. ಗಾಬರಿಯಾಗಿ ಪೋಸ್ಟ್ ಆಫೀಸಿನ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದಂತೆ ಗುಂಡಿ ಒತ್ತಿದರು. ಕಣ್ಣೆದುರಿಗೇ ಎರಡು ಸಾವಿರ ನಾಲ್ಕು ಸಾವಿರವಾಯಿತು! ರೋಗಕ್ಕೆ ಮದ್ದು ಕೇಳಿದರೆ ರೋಗವೇ ಇಮ್ಮಡಿಯಾದ ಹಾಗೆ.

ಕೊನೆಗೆ ಖೋತಾ 36,000 ಪೌಂಡಿಗೆ ಹೋಯಿತು. ಕಳ್ಳತನದ ಆರೋಪ ಬಂತು. ಕಳ್ಳತನದ ಆರೋಪ ಕೈಬಿಡಬೇಕಾದರೆ ಸುಳ್ಳು ಲೆಕ್ಕ ಬರೆದದ್ದನ್ನು ಒಪ್ಪಿಕೊಳ್ಳಬೇಕಾಯಿತು, ದುಡ್ಡನ್ನೂ ಕಟ್ಟಬೇಕಾಯಿತು. ಜೈಲಿನ ಭಯಕ್ಕೆ ಆಕೆ ಒಪ್ಪಿಕೊಂಡರು. ಮನೆಯ ಮೇಲೆ ಇನ್ನಷ್ಟು ಸಾಲ ತೆಗೆದರು. ಊರಿನವರು ಚಂದಾ ಎತ್ತಿ ಕೊಟ್ಟರು, ಹತ್ತಾರು ಮಂದಿ ನ್ಯಾಯಾಲಯಕ್ಕೆ ಬಂದು ಆಕೆಯ ಪರ ನಿಂತರು. 2008ರಲ್ಲಿ ತೀರ್ಪಾಯಿತು, ಜೈಲು ತಪ್ಪಿತು, ಅಪರಾಧಿ ಎಂಬ ಹೆಸರು ತಪ್ಪಲಿಲ್ಲ. ಆ ಹೆಸರು ಹೊತ್ತವರಿಗೆ ಯಾರು ಕೆಲಸ ಕೊಡುತ್ತಾರೆ? ಅವರಿವರ ಮನೆ ಗುಡಿಸಿ ಒರೆಸಿ ದಿನ ತಳ್ಳಿದರು.

ಸೀಮಾ ಮಿಶ್ರಾ ಅವರ ಕಥೆ ಕೇಳಿದರೆ ಕರುಳು ಚುರಕ್ಕೆನ್ನುತ್ತದೆ. ಭಾರತದಿಂದ ಹೋಗಿ ನೆಲೆಸಿದ ಈಕೆ, ಗಂಡನೊಡನೆ 2005ರಲ್ಲಿ ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟ್ ಎಂಬ ಊರಿನ ಅಂಚೆ ಅಂಗಡಿ ಕೊಂಡರು. ಲೆಕ್ಕ ಮೊದಲಿನಿಂದಲೂ ಹೊಂದಲಿಲ್ಲ. ಕೊನೆಗೆ 74,000 ಪೌಂಡ್, ಅಂದರೆ ನಮ್ಮ 50 ಲಕ್ಷ ರೂಪಾಯಿಗೂ ಮೇಲ್ಪಟ್ಟು, ಕದ್ದಿದ್ದಾರೆಂದು ಮೊಕದ್ದಮೆ ಹೂಡಿದರು. ಸೀಮಾ ಕಳ್ಳತನವನ್ನು ಒಪ್ಪಲಿಲ್ಲ. ಯಂತ್ರವೇ ತಪ್ಪು ಎಂದು ವಾದಿಸಿದರು. 2010ರ ನವೆಂಬರ್ 11ರಂದು 15 ತಿಂಗಳ ಶಿಕ್ಷೆಯಾಯಿತು. ಆ ದಿನ ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಅಷ್ಟೇ ಅಲ್ಲ, ಆಕೆ ಎರಡು ತಿಂಗಳ ಗರ್ಭಿಣಿ. ಶಿಕ್ಷೆ ಕೇಳಿ ನ್ಯಾಯಾಲಯದಲ್ಲೇ ಕುಸಿದರು. ನಾಲ್ಕು ತಿಂಗಳು ಸೆರೆಮನೆಯಲ್ಲಿ ಕಳೆದು ಹೊರಬಂದರೂ ಕಾಲಿಗೆ ಕಟ್ಟಿದ ಕಾವಲು ಪಟ್ಟಿ ಬಿಚ್ಚಲಿಲ್ಲ. ಅದನ್ನು ತೊಟ್ಟೇ ಹೆತ್ತರು. ಅವರ ಗಂಡನಿಗೆ ಊರಿನ ಕಿಡಿಗೇಡಿಗಳು ಹೊಡೆದರು. ಈ ಗೆಲುವಿನಿಂದ ಹೊರೈಜನ್ ಮೇಲಿನ ಅಪವಾದ ಅಡಗಿತು ಎಂದು ಪೋಸ್ಟ್ ಆಫೀಸಿನೊಳಗೆ ಹೆಮ್ಮೆಯ ಪತ್ರ ಓಡಾಡಿದ್ದು ಆಮೇಲೆ ಬೆಳಕಿಗೆ ಬಂತು.

ಉತ್ತರದ ಬ್ರಿಡ್ಲಿಂಗ್ಟನ್ ಊರಿನ ಲೀ ಕ್ಯಾಸಲ್ಟನ್ ಎಂಬಾತ ಸಹಾಯವಾಣಿಗೆ 91 ಸಲ ಫೋನ್ ಮಾಡಿದ. 91 ಸಲ! ಕದ್ದವನು ಕದ್ದ ಮನೆಯವರನ್ನೇ 91 ಸಲ ಕರೆದು 'ಬಂದು ನೋಡಿ' ಅಂತಾನೆಯೇ? ಅಷ್ಟು ಯೋಚಿಸುವ ವ್ಯವಧಾನವೂ ದೊಡ್ಡವರಿಗೆ ಇರಲಿಲ್ಲ. ಸುಮಾರು 25,000 ಪೌಂಡಿನ ಖೋತಾಕ್ಕೆ ಆತನ ಮೇಲೆ ದಾವೆ ಹೂಡಿದರು. ಸೋತವನ ತಲೆಗೆ 3,21,000 ಪೌಂಡ್ ವಕೀಲರ ಖರ್ಚು ಬಿತ್ತು. ಸಂಸಾರ ದಿವಾಳಿಯಾಯಿತು.

ಹೀಗೆ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ನಡೆಸಿದ್ದು ಪೊಲೀಸರಲ್ಲ, ಪೋಸ್ಟ್ ಆಫೀಸೇ. ಆ ದೇಶದ ಕಾನೂನಿನಲ್ಲಿ ಖಾಸಗಿಯಾಗಿಯೂ ಮೊಕದ್ದಮೆ ಹೂಡಬಹುದು. ದೂರು ಕೊಟ್ಟವರೂ ಅವರೇ, ತನಿಖೆ ಮಾಡಿದವರೂ ಅವರೇ, ವಾದ ಮಾಡಿದವರೂ ಅವರೇ. ಅತ್ತೆಯೇ ದೂರಿ ಅತ್ತೆಯೇ ಪಂಚಾಯಿತಿ ನಡೆಸಿದರೆ ಸೊಸೆಯ ಗತಿ ಏನು ಹೇಳಿ?

ಯಂತ್ರದ ಹಿಂದೆ ಕುಳಿತಿದ್ದವನು

ಈಗ ಆ ಎಂಜಿನಿಯರ್ ಬಗ್ಗೆ. ಹೆಸರು ರಿಚರ್ಡ್ ರೋಲ್. 2001ರಿಂದ 2004ರವರೆಗೆ ಬ್ರ್ಯಾಕ್‌ನೆಲ್ ಎಂಬ ಊರಿನ ಫುಜಿತ್ಸು ಕಚೇರಿಯಲ್ಲಿ ಕೆಲಸ. ಹೊರೈಜನ್ ಕೆಟ್ಟಾಗ ಕೆಳಗಿನವರ ಕೈಯಲ್ಲಿ ಆಗದ್ದನ್ನು ರಿಪೇರಿ ಮಾಡುವ ತಂಡ ಅವರದ್ದು.

ಕೆಲಸ ಬಿಟ್ಟು ಹನ್ನೊಂದು ವರ್ಷದ ಮೇಲೆ, 2015ರ ಆಗಸ್ಟಿನಲ್ಲಿ, ಆತ ಬಿಬಿಸಿ ಟಿವಿಯ ಪನೋರಮಾ ಕಾರ್ಯಕ್ರಮದಲ್ಲಿ ಬಾಯಿಬಿಟ್ಟ. 2019ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದ. ಆತ ಹೇಳಿದ್ದರ ಸಾರ ಇಷ್ಟು.

ಮೊದಲನೆಯದು: ಹೊರೈಜನ್ನಿನಲ್ಲಿ ದೋಷಗಳು ಬೇಕಾದಷ್ಟಿದ್ದವು. ಬುಡದಿಂದ ಸರಿಮಾಡಲು ಬೇಕಾದಷ್ಟು ಸಮಯ, ಹಣ, ಜನ ಕೊಡಲಿಲ್ಲ. ಹರಿದ ಕಡೆ ತೇಪೆ ಹಾಕುತ್ತಾ ಹೋದದ್ದೇ ಕೆಲಸ.

ಎರಡನೆಯದು: ಅಂಗಡಿಯವರಿಗೆ ತಿಳಿಯದಂತೆ ದೂರದ ಕಚೇರಿಯಲ್ಲಿ ಕುಳಿತೇ ಅವರ ಲೆಕ್ಕದೊಳಗೆ ಕೈಹಾಕಿ ತಿದ್ದಬಹುದಾಗಿತ್ತು. ತಿದ್ದಿದ್ದೂ ಉಂಟು. ಇದು ಎಂಥ ಮಾತು ಗೊತ್ತೇ? ನಿಮ್ಮ ಬೀರುವಿನ ಇನ್ನೊಂದು ಬೀಗದ ಕೈ ಬೇರೆ ಯಾರ ಹತ್ತಿರವೋ ಇದೆ. ಅವರು ಬಂದು ನಿಮ್ಮ ಖರ್ಚಿನ ಪುಸ್ತಕದಲ್ಲಿ ನಿಮ್ಮದೇ ಅಕ್ಷರದಲ್ಲಿ ಬರೆದು ಹೋಗುತ್ತಾರೆ. ಆಮೇಲೆ ಲೆಕ್ಕ ತಪ್ಪಿದರೆ ಹೊಣೆ ಮಾತ್ರ ನಿಮ್ಮದು. ಹೀಗೆ ತಿದ್ದಲು ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ವರ್ಷಾನುಗಟ್ಟಲೆ ಹೇಳಿಕೊಂಡು ಬಂದಿತ್ತು.

ಮೂರನೆಯದು: ಎಷ್ಟು ಹುಡುಕಿದರೂ ಖೋತಾದ ಕಾರಣ ಸಿಗದಿದ್ದರೆ, ತಪ್ಪು ಅಂಗಡಿಯವರದ್ದೇ ಎಂದು ಊಹಿಸಿಬಿಡುತ್ತಿದ್ದರು. ಈ ಮಾತು ಮುಖ್ಯ. 'ನಮಗೆ ಗೊತ್ತಾಗಲಿಲ್ಲ' ಎಂಬ ಮಾತಿನ ಜಾಗದಲ್ಲಿ 'ಅವಳು ಕದ್ದಳು' ಎಂದು ಬರೆದರು. ಜನರ ಬಾಳು ಹಾಳಾದದ್ದು ಅಲ್ಲಿ.

ಹೈಕೋರ್ಟಿನಲ್ಲಿ ಎದುರು ವಕೀಲರು ರೋಲ್ ಮಾತನ್ನು ಅಲ್ಲಾಡಿಸಲು ನೋಡಿದರು. ಮೊದಲು ಆತನನ್ನು ಅಲ್ಲಗಳೆದಿದ್ದ ಫುಜಿತ್ಸು ಕಡೆಯ ಸಾಕ್ಷಿಯೇ ಆಮೇಲೆ ತನ್ನ ಹೇಳಿಕೆ ತಿದ್ದಿಕೊಳ್ಳಬೇಕಾಯಿತು.

ದೋಷ ಎಂದರೆ ಎಂಥದ್ದು?

ಕಂಪ್ಯೂಟರ್ ಕೂಡುವುದು ಕಳೆಯುವುದರಲ್ಲಿ ತಪ್ಪುತ್ತದೆಯೇ ಅಂತ ನೀವು ಕೇಳಬಹುದು. ಎರಡು ಮತ್ತು ಎರಡು ಸೇರಿಸುವುದರಲ್ಲಿ ಅದು ತಪ್ಪುವುದಿಲ್ಲ. ಆದರೆ ಎಷ್ಟು ಸಲ ಸೇರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಅದಕ್ಕೆ ಹೇಳಿಕೊಟ್ಟವರು ಮನುಷ್ಯರು. ಅವರು ಬರೆದ ವಿಧಾನದಲ್ಲಿ ಒಂದು ಸಾಲು ತಪ್ಪಿದರೆ, ಅಡುಗೆ ಪುಸ್ತಕದಲ್ಲಿ 'ಒಂದು ಚಮಚ ಉಪ್ಪು' ಇರಬೇಕಾದಲ್ಲಿ 'ಒಂದು ಪಾವು' ಎಂದು ಅಚ್ಚಾದ ಹಾಗೆ. ಓದಿ ಮಾಡುವವಳು ಎಷ್ಟೇ ಜಾಣೆಯಾಗಲಿ, ಅಡುಗೆ ಕೆಡುತ್ತದೆ.

ಸ್ಕಾಟ್ಲೆಂಡಿನ ಡಲ್ಮೆಲ್ಲಿಂಗ್ಟನ್ ಎಂಬಲ್ಲಿ 2015ರಲ್ಲಿ ಹೀಗಾಯಿತು. 8,000 ಪೌಂಡ್ ಬಂದು ಮುಟ್ಟಿದೆ ಎಂದು ಯಂತ್ರಕ್ಕೆ ತಿಳಿಸಬೇಕಿತ್ತು. ಗುಂಡಿ ಒತ್ತಿದರೆ ಪರದೆ ಅಲ್ಲಾಡಲಿಲ್ಲ. ಬಾಗಿಲ ಗಂಟೆ ಕೇಳಿಸಲಿಲ್ಲವೇನೋ ಎಂದು ನಾವು ಮತ್ತೆ ಮತ್ತೆ ಒತ್ತುವುದಿಲ್ಲವೇ? ಹಾಗೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲವೂ ಯಂತ್ರ 8,000 ಬರೆದುಕೊಂಡಿತ್ತು. ಒಟ್ಟು 32,000. ಇಲ್ಲದ 24,000 ಪೌಂಡಿಗೆ ಯಾರು ಹೊಣೆ?

ನ್ಯಾಯಾಲಯ ನಂಬಿದ್ದು ಯಾರನ್ನು?

ಇಲ್ಲಿ ಸರ್ಕಾರದ ಪಾತ್ರವನ್ನೂ ಹೇಳಬೇಕು. ಬ್ರಿಟನ್ನಿನ 1984ರ ಕಾನೂನಿನ ಪ್ರಕಾರ, ಕಂಪ್ಯೂಟರಿನ ಲೆಕ್ಕವನ್ನು ಸಾಕ್ಷಿಯಾಗಿ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. ಇದು ತೊಡಕೆಂದು 1999ರಲ್ಲಿ ಆ ಕಲಮನ್ನು ತೆಗೆದುಹಾಕಲು ಶಾಸನ ಮಾಡಿದರು. 2000ದಲ್ಲಿ ಜಾರಿಗೆ ಬಂತು. ಆಮೇಲೆ ಯಂತ್ರ ಸರಿಯಿದೆ ಎಂದೇ ನ್ಯಾಯಾಲಯ ಮೊದಲಿಗೆ ಎಣಿಸುತ್ತದೆ. ಇಲ್ಲವೆನ್ನುವವರು ಅದಕ್ಕೆ ಆಧಾರ ಕೊಡಬೇಕು. ಹೊರೈಜನ್ ಅಂಗಡಿಗಳಿಗೆ ಕಾಲಿಟ್ಟದ್ದೂ ಅದೇ ವರ್ಷಗಳಲ್ಲಿ.

ಹಳ್ಳಿಯ ಅಂಗಡಿಯಾಕೆ ಆಧಾರ ಎಲ್ಲಿಂದ ತಂದಾಳು? ಯಂತ್ರದ ಒಳಗುಟ್ಟು, ದೋಷಗಳ ಪಟ್ಟಿ, ಎಲ್ಲವೂ ಕಂಪೆನಿಯ ಕಪಾಟಿನಲ್ಲಿ. 2013ರಲ್ಲೇ ಪೋಸ್ಟ್ ಆಫೀಸಿನ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲರೊಬ್ಬರು, ತಜ್ಞಸಾಕ್ಷಿ ತನಗೆ ಗೊತ್ತಿದ್ದ ದೋಷಗಳನ್ನು ನ್ಯಾಯಾಲಯಕ್ಕೆ ತಿಳಿಸಿಲ್ಲ ಎಂದು ಎಚ್ಚರಿಸಿ ಬರೆದುಕೊಟ್ಟಿದ್ದರು. ಆ ಕಾಗದ ಶಿಕ್ಷೆಯಾದವರ ಕೈಸೇರಿದ್ದು 2020ರಲ್ಲಿ. ಏಳು ವರ್ಷ!

'ನಿಮಗೊಬ್ಬರಿಗೇ ಹೀಗೆ'

ಸಹಾಯ ಕೇಳಿದ ಎಷ್ಟೋ ಮಂದಿಗೆ ಬಂದ ಉತ್ತರ ಒಂದೇ: "ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ." ಈ ಮಾತು ಎಷ್ಟು ಕ್ರೂರ ಎಂದು ನಮಗೆ ಚೆನ್ನಾಗಿ ಗೊತ್ತು. ಬೇರೆ ಮನೆಯ ಹೆಂಗಸರೆಲ್ಲ ಸರಿಯಾಗಿದ್ದಾರೆ, ನಿನ್ನದೇ ತಪ್ಪು ಎಂದಾಗ ಬಾಯಿ ತಾನಾಗಿ ಮುಚ್ಚುತ್ತದೆ. ನಾಚಿಕೆ ಗಂಟಲು ಹಿಡಿಯುತ್ತದೆ. ಆ ನಾಚಿಕೆಯೇ ಸುಳ್ಳಿಗೆ ಗೋಡೆಯಾಯಿತು.

ಆ ಗೋಡೆ ಒಡೆದವರು ಅಲನ್ ಬೇಟ್ಸ್. ವೇಲ್ಸ್‌ನ ಲಾಂಡುಡ್ನೋ ಪಕ್ಕದ ಕ್ರೇಗ್-ಇ-ಡಾನ್‌ನಲ್ಲಿ ಅವರ ಅಂಚೆ ಅಂಗಡಿ. ಖೋತಾ ಬಂದಾಗ ಅವರು ಸುಮ್ಮನೆ ತುಂಬಲಿಲ್ಲ. ತಾನು ಒಪ್ಪದ ಲೆಕ್ಕಕ್ಕೆ ಹೊಣೆಯಲ್ಲ ಎಂದು ಕಾಗದ ಬರೆದರು. 2003ರಲ್ಲಿ ಕರಾರು ಕಳೆದುಕೊಂಡರು, ಛಲ ಕಳೆದುಕೊಳ್ಳಲಿಲ್ಲ. 2009ರಲ್ಲಿ 'ಕಂಪ್ಯೂಟರ್ ವೀಕ್ಲಿ' ಎಂಬ ಪತ್ರಿಕೆ ಏಳು ಮಂದಿಯ ಕಥೆ ಅಚ್ಚು ಹಾಕಿತು. ಅದೇ ವರ್ಷ ಬೇಟ್ಸ್ ನೊಂದವರನ್ನೆಲ್ಲ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನಕ್ಕೆ ಕರೆದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ನಾನೊಬ್ಬಳೇ ಅಲ್ಲ' ಎಂದು ತಿಳಿದ ಆ ದಿನವೇ ಅರ್ಧ ಗೆಲುವು.

ಉಳಿದರ್ಧಕ್ಕೆ ಹದಿನೈದು ವರ್ಷ ಹಿಡಿಯಿತು. 555 ಮಂದಿ ಒಟ್ಟಾಗಿ ದಾವೆ ಹೂಡಿದರು. 2019ರ ಡಿಸೆಂಬರಿನಲ್ಲಿ ಪೋಸ್ಟ್ ಆಫೀಸ್ 5 ಕೋಟಿ 77 ಲಕ್ಷ ಪೌಂಡಿಗೆ ರಾಜಿಗೆ ಬಂತು. ಖರ್ಚು ಕಳೆದು ಅವರಿಗೆ ಉಳಿದದ್ದು ಸುಮಾರು 1 ಕೋಟಿ 20 ಲಕ್ಷ. ಅದೇ ತಿಂಗಳು ನ್ಯಾಯಮೂರ್ತಿ ಫ್ರೇಸರ್, ಹೊರೈಜನ್ನಿನಲ್ಲಿ ದೋಷಗಳಿದ್ದವೆಂದು ತೀರ್ಪು ಕೊಟ್ಟರು. ದೋಷವಿಲ್ಲವೆಂಬ ಪೋಸ್ಟ್ ಆಫೀಸಿನ ಹಟವನ್ನು, ಭೂಮಿ ಚಪ್ಪಟೆ ಎಂದು ಸಾಧಿಸುವವರ ಹಟಕ್ಕೆ ಹೋಲಿಸಿದರು. 2021ರ ಏಪ್ರಿಲ್ 23ರಂದು ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಸೇರಿ 39 ಮಂದಿಯ ಶಿಕ್ಷೆ ರದ್ದಾಯಿತು. 2024ರ ಜನವರಿಯಲ್ಲಿ ಟಿವಿ ಧಾರಾವಾಹಿಯೊಂದು ಇಡೀ ದೇಶವನ್ನು ಎಬ್ಬಿಸಿತು. ಮೇ ತಿಂಗಳಲ್ಲಿ ಪಾರ್ಲಿಮೆಂಟು ಶಾಸನ ಮಾಡಿ ಉಳಿದ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ಅಳಿಸಿತು. 2025ರ ಮಧ್ಯದ ಹೊತ್ತಿಗೆ ಸರ್ಕಾರ 100 ಕೋಟಿ ಪೌಂಡಿಗೂ ಹೆಚ್ಚು ಪರಿಹಾರ ಕೊಟ್ಟಿತ್ತು.

ಕೊಟ್ಟರೇನು? ಹೋದ ಜೀವ ಬರುತ್ತದೆಯೇ? ಸರ್ ವಿನ್ ವಿಲಿಯಮ್ಸ್ ನಡೆಸಿದ ವಿಚಾರಣೆಯ ಮೊದಲ ವರದಿ 2025ರ ಜುಲೈನಲ್ಲಿ ಹೊರಬಂತು. ಕನಿಷ್ಠ 13 ಮಂದಿ ಈ ನೋವಿಗೆ ತಮ್ಮ ಪ್ರಾಣ ತಾವೇ ಕಳೆದುಕೊಂಡಿರಬಹುದು ಎಂದು ಅದು ಹೇಳಿತು. ದೋಷ ಇರಬಹುದೆಂದು ಹಿರಿಯ ಅಧಿಕಾರಿಗಳಿಗೆ ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು ಎಂದೂ ಹೇಳಿತು.

ನಾವು ಮಾಡಬಹುದಾದದ್ದು

ಕಂಪ್ಯೂಟರನ್ನು ಬೈದು ಫಲವಿಲ್ಲ. ನಮ್ಮ ಊರಿನ ಬ್ಯಾಂಕು, ಅಂಚೆ ಕಚೇರಿಗಳಲ್ಲೂ ಅದು ಬಂದು ಕುಳಿತಿದೆ. ಅದರಿಂದ ಅನುಕೂಲವೂ ಆಗಿದೆ. ಆದರೆ ಕಣ್ಣು ಮುಚ್ಚಿ ನಂಬುವುದು ಬೇಡ. ಈ ಕೆಲವು ಮಾತು ಮನಸ್ಸಿನಲ್ಲಿರಲಿ.

ದುಡ್ಡು ಕಟ್ಟಿದಾಗ, ತೆಗೆದಾಗ ಚೀಟಿ ಕೇಳಿ ಪಡೆಯಿರಿ. ಪಾಸ್ ಪುಸ್ತಕ ತಿಂಗಳಿಗೊಮ್ಮೆಯಾದರೂ ತುಂಬಿಸಿ ತಂದು, ನಿಮ್ಮ ಕೈಬರಹದ ಲೆಕ್ಕದೊಂದಿಗೆ ಹೋಲಿಸಿ.

ಲೆಕ್ಕ ಅರ್ಥವಾಗದಿದ್ದರೆ ಸಹಿ ಮಾಡಬೇಡಿ, ಹೆಬ್ಬೆಟ್ಟು ಒತ್ತಬೇಡಿ. 'ಒಪ್ಪಿದ್ದೇನೆ' ಎಂಬ ಒಂದು ಗುರುತು ಜೋ ಹ್ಯಾಮಿಲ್ಟನ್‌ರನ್ನು ಎಲ್ಲಿಗೆ ಒಯ್ದಿತು ನೋಡಿದಿರಲ್ಲ?

ಫೋನಿನಲ್ಲಿ ದೂರು ಹೇಳಿದರೆ ಸಾಲದು. ಯಾವ ದಿನ, ಯಾರೊಡನೆ, ಏನು ಮಾತಾಯಿತು ಎಂದು ಬರೆದಿಡಿ. ಆಮೇಲೆ ಕಾಗದದಲ್ಲಿ ದೂರು ಕೊಟ್ಟು, ಮುಟ್ಟಿದ ಗುರುತಿಗೆ ಮೊಹರು ಹಾಕಿಸಿಕೊಳ್ಳಿ.

ತಪ್ಪಿಲ್ಲದ ಖೋತಾವನ್ನು ಮರ್ಯಾದೆಗೆ ಅಂಜಿ ಗುಟ್ಟಾಗಿ ತುಂಬಬೇಡಿ. ಮನೆಯವರಿಗೆ ಹೇಳಿ. 'ನಿಮಗೊಬ್ಬರಿಗೇ ಹೀಗೆ' ಎಂದು ಯಾರಾದರೂ ಅಂದರೆ, ಪಕ್ಕದ ಮನೆಯಾಕೆಯನ್ನು ಕೇಳಿ, ಮಹಿಳಾ ಸಂಘದಲ್ಲಿ ಮಾತು ತೆಗೆಯಿರಿ. ಇನ್ನೊಬ್ಬಳು ಸಿಕ್ಕೇ ಸಿಗುತ್ತಾಳೆ.

ಕೊನೆಯ ಮಾತು ತಾಯಂದಿರಿಗೆ. ನಿಮ್ಮ ಮಗನೋ ಮಗಳೋ ಬೆಂಗಳೂರಿನಲ್ಲಿ, ಇಲ್ಲವೇ ಹೊರದೇಶದಲ್ಲಿ, ಕಂಪ್ಯೂಟರ್ ಕೆಲಸದಲ್ಲಿರಬಹುದು. ಹಬ್ಬಕ್ಕೆ ಮನೆಗೆ ಬಂದಾಗ ಈ ಸಂಗತಿ ಹೇಳಿ. ಅವರು ಬರೆಯುವ ಒಂದೊಂದು ಸಾಲಿನ ಆ ತುದಿಯಲ್ಲಿ ಎಲ್ಲೋ ಒಬ್ಬ ಅಂಗಡಿಯಾಕೆ, ಒಬ್ಬ ಮುದುಕ, ಒಬ್ಬ ಬಸುರಿ ಇದ್ದಾರೆ. ತಪ್ಪು ಕಂಡಾಗ ಮೇಲಿನವರು ಮುಚ್ಚಿಡು ಅಂದರೆ ಮುಚ್ಚಿಡುವುದೂ ಒಂದು ದಾರಿ. ರಿಚರ್ಡ್ ರೋಲ್ ಹಾಗೆ ಎದ್ದು ನಿಂತು, 'ನಾನು ಕಂಡದ್ದು ಇದು' ಎನ್ನುವುದೂ ಒಂದು ದಾರಿ. ಎರಡನೆಯದನ್ನು ಯಾವ ಕಾಲೇಜೂ ಕಲಿಸಿಕೊಡುವುದಿಲ್ಲ. ಅದನ್ನು ಮನೆಯಲ್ಲೇ ಕಲಿಸಬೇಕು.